ಬಾದಾಮಿ ಉಗುರಿನ ಗೊಂಬೆ

ಎದುರು ಮನೆಯ ಅಂಗಳದ ಬೆಂಚಿನ ಮೇಲೆ ಕೂತಿದ್ದ ಗಂಡುಗೊಂಬೆಯ ಮೈಮೇಲಿದ್ದದ್ದು ವೆಂಡೆಲ್‌ನ ಅಂಗಿ. ಅದರಲ್ಲಿ ಲೊರೇನ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಲ ಮೊಣಕೈಗೆ ಕೆಂಪು ಚೌಕಳಿಯ ತೇಪೆ ಹಾಕಿಕೊಟ್ಟವಳು ಅವಳೇ, ತನ್ನ ಹಳೆಯ ಏಪ್ರನ್ ಕತ್ತರಿಸಿ.

ಕಾಫಿ ಕಪ್ಪು ಕೈಯಲ್ಲೇ ತಣ್ಣಗಾಯಿತು. ಅಡುಗೆಮನೆಯ ಕಿಟಕಿಯ ಮುಂದೆ ಅವಳು ನಿಂತೇ ಇದ್ದಳು.

ಅಕ್ಟೋಬರ್ ಬಂತೆಂದರೆ ಹ್ಯಾಲೋವೀನ್ ಎಂಬ ದೆವ್ವಗಳ ಹಬ್ಬಕ್ಕಾಗಿ ಒಹಾಯೋದ ಆ ಪುಟ್ಟ ಊರಿನಲ್ಲಿ ಯಾರ ಅಂಗಳವೂ ಖಾಲಿ ಇರುವುದಿಲ್ಲ. ಹಳೆಯ ಬೆಡ್‌ಶೀಟಿನ ದೆವ್ವಗಳು, ಥರ್ಮೋಕೋಲಿನ ಗೋರಿಕಲ್ಲುಗಳು, ಹರಿದ ಬಟ್ಟೆಗೆ ಒಣಗಿದೆಲೆ ತುರುಕಿ ಮಾಡಿದ ಆಳೆತ್ತರದ ಗೊಂಬೆಗಳು. ಶೆರಿಲ್‌ನ ಅಂಗಳದಲ್ಲಿ ಈ ಸಲ ಜೋಡಿಗೊಂಬೆ. ಬೆಂಚಿನ ಈ ತುದಿಗೆ ಗಂಡು, ಆ ತುದಿಗೆ ಹೆಣ್ಣು. ಹೆಣ್ಣಿನ ಹುಲ್ಲಿನ ಟೋಪಿ ಮೂಗಿನವರೆಗೂ ಇಳಿದಿತ್ತು.

ಶೆರಿಲ್ ಇಬ್ಬರು ಗಂಡಂದಿರನ್ನು ಬಿಟ್ಟವಳು, ನಕ್ಕರೆ ಮೂರು ಮನೆಗೆ ಕೇಳಿಸುವವಳು. ಲೊರೇನ್ ಇದ್ದೊಬ್ಬ ಗಂಡನೂ ಬಿಟ್ಟುಹೋದವಳು. ಅವನು ಇಂಥದೇ ನಗುವಿನ ಹಿಂದೆ ಹೋಗಿ ಏಳು ವರ್ಷವಾಗಿತ್ತು.

ವೆಂಡೆಲ್ ಆ ಬೀದಿಗೆ ಟಪಾಲು ತರುವವನು. ಪ್ರತಿ ಅಕ್ಟೋಬರಿನಲ್ಲೂ ಲೊರೇನ್ ಮಾಟಗಾತಿಯ ಬೆರಳುಗಳನ್ನು ಮಾಡುತ್ತಿದ್ದಳು: ಬೆಣ್ಣೆ ಬಿಸ್ಕತ್ತಿನ ಹಿಟ್ಟನ್ನು ಬೆರಳಿನಂತೆ ಹೊಸೆದು, ಗೆಣ್ಣುಗಳಿಗೆ ಚಾಕುವಿನಿಂದ ಗೆರೆ ಎಳೆದು, ತುದಿಗೆ ಒಂದು ಬಾದಾಮಿ ಒತ್ತಿ, ಉಗುರಿನ ಬುಡಕ್ಕೆ ರಕ್ತದಂತೆ ಸ್ಟ್ರಾಬೆರಿ ಜಾಮ್ ಸವರಿ. ಇಡೀ ಬೀದಿಯಲ್ಲಿ ಬೇರೆ ಯಾರೂ ಅದನ್ನು ಮಾಡುತ್ತಿರಲಿಲ್ಲ. ವೆಂಡೆಲ್ ದಿನಾ ಹನ್ನೊಂದು ಗಂಟೆಗೆ ಬಾಗಿಲು ತಟ್ಟುತ್ತಿದ್ದ.

"ಇವತ್ತು ಯಾರ ಬೆರಳು?"

"ನಿನ್ನೆ ಕರೆಂಟ್ ಬಿಲ್ ತಂದವನದು."

"ಅದಕ್ಕೇ ನೋಡು, ಸ್ವಲ್ಪ ದಪ್ಪ ಇದೆ," ಎನ್ನುತ್ತ ಅವನು ಕಚ್ಚುತ್ತಿದ್ದ, ಅವಳ ಕಣ್ಣನ್ನೇ ನೋಡುತ್ತ. ಜಾಮು ಅವನ ತುಟಿಯ ಮೂಲೆಯಲ್ಲಿ ಉಳಿಯುತ್ತಿತ್ತು. ಒರೆಸಲು ಅವಳ ಕೈ ಮುಂದಾಗುತ್ತಿತ್ತು, ಏಪ್ರನ್ನಿನ ಜೇಬಿಗೆ ವಾಪಸ್ಸಾಗುತ್ತಿತ್ತು. ಇಬ್ಬರಿಗೂ ಐವತ್ತರ ಹತ್ತಿರ ವಯಸ್ಸು, ಇಬ್ಬರಿಗೂ ಬಾಯಿ ಬಿಡಲು ಸಂಕೋಚ. ಎರಡು ವಾರದ ಹಿಂದೆ ಒಲೆಯ ತಟ್ಟೆ ತಗುಲಿ ಅವಳ ಎಡ ಹೆಬ್ಬೆರಳು ಸುಟ್ಟಾಗ ಅವನೇ ಟಪಾಲು ಚೀಲದಿಂದ ಪಟ್ಟಿ ತೆಗೆದು ಸುತ್ತಿದ್ದ. ಕುಂಬಳಕಾಯಿ ಚಿತ್ರಗಳ, ಮಕ್ಕಳಿಗೆ ಹಾಕುವ ಕಿತ್ತಳೆ ಪಟ್ಟಿ. ಗಾಯ ಮಾಗಿದ ಮೇಲೂ ಅವಳು ಅದನ್ನು ಎಸೆಯದೆ ಡ್ರಾಯರಿನಲ್ಲಿಟ್ಟಿದ್ದಳು. ಈ ಹಬ್ಬ ಕಳೆಯುವುದರೊಳಗೆ ಹೇಳಿಬಿಡಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಈ ಅಂಗಿ.

ಅವತ್ತು ಸಂಜೆಯೇ ವೆಂಡೆಲ್‌ನ ಟ್ರಕ್ಕು ಶೆರಿಲ್‌ನ ಮನೆಯ ಮುಂದೆ ನಿಂತಿತು. ಮರುದಿನವೂ ನಿಂತಿತು. ಅವನು ಏಣಿ ಹತ್ತಿ ಸೂರಿನಂಚಿನ ಮಳೆನೀರಿನ ಗಟರಿನಿಂದ ಕೊಳೆತ ಎಲೆಗಳನ್ನು ಬಾಚಿ ಹಾಕುತ್ತಿದ್ದ. ಶೆರಿಲ್ ಕೆಳಗೆ ಏಣಿ ಹಿಡಿದು ಕುಲುಕುಲು ನಗುತ್ತಿದ್ದಳು. ನನ್ನ ಗಟರೂ ತುಂಬಿದೆ, ಅದು ಇವನ ಕಣ್ಣಿಗೆ ಬೀಳಲಿಲ್ಲವೇ ಎಂದುಕೊಂಡಳು ಲೊರೇನ್.

ಗೊಂಬೆಗಳು ದಿನಕ್ಕೊಂದು ಆಟ ಆಡತೊಡಗಿದವು. ಎರಡನೆಯ ದಿನ ಗಂಡು ಬೆಂಚಿನ ನಡುವಿಗೆ ಸರಿದಿತ್ತು. ಮೂರನೆಯ ದಿನ ಅದರ ತೋಳು ಹೆಣ್ಣಿನ ಹೆಗಲ ಮೇಲಿತ್ತು, ಆ ಕೆಂಪು ತೇಪೆ ಬೀದಿಗೆಲ್ಲ ಕಾಣುವಂತೆ. ಹೆಣ್ಣಿನ ಬಲಗೈ ಗವುಸಿನ ಬೆರಳ ತುದಿಗಳಿಗೆ ಬಾದಾಮಿ ಅಂಟಿಸಿತ್ತು.

"ನನ್ನ ಬೆರಳನ್ನೂ ಕದ್ದಳಾ ಈ ಮಹಾತಾಯಿ," ಎಂದು ಲೊರೇನ್ ಕಿಟಕಿಗೇ ಹೇಳಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ.

ಮರುದಿನ ಬೆಳಿಗ್ಗೆ ಬೆಳಕು ಹರಿಯುವಾಗ ಅವಳು ನೈಟ್‌ಗೌನಿನ ಮೇಲೆ ಕೋಟು ಹಾಕಿಕೊಂಡು ರಸ್ತೆ ದಾಟಿದಳು. ಹೆಣ್ಣುಗೊಂಬೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅದರ ಮೂತಿ ನೋಡುವಷ್ಟು ತಾಳ್ಮೆ ಯಾರಿಗಿದೆ. ಗಂಡುಗೊಂಬೆಯ ಕಾಲರು ಹಿಡಿದು ದರದರ ಎಳೆದು ಬೆಂಚಿನ ತುದಿಗೆ ಕೂರಿಸಿದಳು. ಎದೆ ಸ್ವಲ್ಪ ಹಗುರಾಯಿತು.

ಸಂಜೆಗೆ ಗಂಡು ಮತ್ತೆ ಪಕ್ಕಕ್ಕೆ ಬಂದಿತ್ತು, ಕೈಯಲ್ಲೊಂದು ಕಾಗದದ ಹೂವು ಬೇರೆ. ಬೆಳಿಗ್ಗೆ ಅವಳು ಹೂವನ್ನು ಕಿತ್ತು ಕಸದ ಡಬ್ಬಿಗೆ ಹಾಕಿ, ಗಂಡನ್ನು ಬೆನ್ನು ತಿರುಗಿಸಿ ಕೂರಿಸಿದಳು. ಅದರ ಮರುದಿನ ಗಂಡು ಮಂಡಿಯೂರಿತ್ತು. ಲೊರೇನ್ ಅದನ್ನು ಎತ್ತಿ ಬೇಲಿಯ ಆಚೆ, ಪಕ್ಕದ ಅಂಗಳದ ಗೋರಿಕಲ್ಲುಗಳ ನಡುವೆ ಬೋರಲು ಮಲಗಿಸಿ ಬಂದಳು.

ಅಂದು ಹನ್ನೊಂದಕ್ಕೆ ಯಾರೂ ಬಾಗಿಲು ತಟ್ಟಲಿಲ್ಲ. ಕಿಟಕಿಯಿಂದ ಇಣುಕಿದರೆ ವೆಂಡೆಲ್ ಟಪಾಲನ್ನು ಗೇಟಿನ ಡಬ್ಬಿಗೆ ತುರುಕಿ, ತಲೆ ತಗ್ಗಿಸಿ ಹೋಗುತ್ತಿದ್ದ. ಮರುದಿನವೂ ಅಷ್ಟೆ. ತಟ್ಟೆಯಲ್ಲಿ ಅವನ ಪಾಲಿನ ಬೆರಳು ಮೆತ್ತಗಾಯಿತು. ಮುಗಿಯಿತು, ಅವನು ಶೆರಿಲ್ ಪಾಲಾದ ಎಂದುಕೊಂಡು ಲೊರೇನ್ ಹಿಟ್ಟು ನಾದುತ್ತಲೇ ಅತ್ತಳು. ಏಳು ವರ್ಷದ ಹಿಂದೆಯೂ ಇಷ್ಟು ಅತ್ತಿರಲಿಲ್ಲ.

ಹ್ಯಾಲೋವೀನ್ ದಿನ ಮಧ್ಯಾಹ್ನ ಬೆಂಚಿನ ಮೇಲೆ ಹೆಣ್ಣುಗೊಂಬೆ ಒಂದೇ ಇತ್ತು. ಗಂಡು ಬೆಂಚಿನ ಮೇಲೂ ಇಲ್ಲ, ಗೋರಿಗಳ ನಡುವೆಯೂ ಇಲ್ಲ. ಲೊರೇನ್ ತಡೆಯಲಾರದೆ ಹೊರಗೆ ಬಂದಳು. ಶೆರಿಲ್ ಮೆಟ್ಟಿಲ ಮೇಲೆ ಹತ್ತಿಯ ಜೇಡರಬಲೆ ಎಳೆಯುತ್ತಿದ್ದಳು.

"ಏನಮ್ಮಾ ಶೆರಿಲ್, ನಿನ್ನ ಸರದಾರ ಎಲ್ಲಿ?"

"ನನ್ನವನಾ? ಬೆಳಿಗ್ಗೆ ವೆಂಡೆಲ್ ಬಂದು ಎತ್ಕೊಂಡು ಹೋದ, ಪಾಪ. ಅಷ್ಟು ಸಲ ಎಳೆದು ಹಾಕಿದ್ರೆ ಯಾವ ಗಂಡಸು ನಿಲ್ತಾನೆ ಹೇಳು? ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬಹುದಿತ್ತು ನೀನು."

"ನಾನ್ಯಾಕೆ ಹೇಳ್ಲಿ? ನಿಮ್ಮಿಬ್ಬರ ಸರಸ, ನಿಮ್ಮ ಅಂಗಳ."

ಶೆರಿಲ್ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟಳು. "ನಮ್ಮಿಬ್ಬರದಾ? ಲೊರೇನ್, ಆ ಹೆಣ್ಣುಗೊಂಬೆ ಯಾರು ಅಂತ ಒಂದು ಸಲನಾದ್ರೂ ನೋಡಿದ್ಯಾ? ನಿನ್ನ ಕಿಟಕಿಗೆ ನೆಟ್ಟಗೆ ಕಾಣೋ ಅಂಗಳ ನಂದೊಂದೇ ಅಂತ ಬಂದು ಜಾಗ ಕೇಳ್ದ. ಗಟರ್ ಕ್ಲೀನ್ ಮಾಡಿಕೊಡು, ಬೆಂಚು ಕೊಡ್ತೀನಿ ಅಂದೆ. ದಿನಾ ಬಂದು ಗೊಂಬೆ ಸರಿಸ್ತಿದ್ದವನು ಅವನು. ಬೆಳಿಗ್ಗೆ ನೈಟ್‌ಗೌನಲ್ಲಿ ಬಂದು ಎಳೀತಿದ್ದವಳು ನೀನು. ನೋಡಿದ್ದನ್ನ ನೋಡಿದ ಹಾಗೆ ಅವನಿಗೆ ಹೇಳ್ದೆ. ಅವನು ಅದನ್ನೇ ನಿನ್ನ ಉತ್ತರ ಅಂದ್ಕೊಂಡ."

ಲೊರೇನ್ ಬೆಂಚಿನ ಬಳಿ ಹೋಗಿ ಹೆಣ್ಣುಗೊಂಬೆಯ ಟೋಪಿ ಎತ್ತಿದಳು. ದಿಂಬಿನ ಕವರಿನ ಮುಖದ ಮೇಲೆ ತನ್ನದೇ ದುಂಡು ಕನ್ನಡಕ, ಇದ್ದಿಲಿನಲ್ಲಿ ಬರೆದದ್ದು. ಕೆನ್ನೆಗೆ ಒಂದಿಷ್ಟು ಹಿಟ್ಟು. ಎಡಗೈ ಏಪ್ರನ್ನಿನ ಜೇಬಿನೊಳಗಿತ್ತು, ತನ್ನ ಕೈ ಯಾವಾಗಲೂ ಅಡಗುವ ಕಡೆ. ಅವಳು ಮೆಲ್ಲಗೆ ಅದನ್ನು ಹೊರಗೆಳೆದಳು. ಹೆಬ್ಬೆರಳಿಗೆ ಕುಂಬಳಕಾಯಿ ಚಿತ್ರಗಳ ಕಿತ್ತಳೆ ಪಟ್ಟಿ ಸುತ್ತಿತ್ತು.

"ಅಯ್ಯೋ ದೇವರೇ," ಎಂದಳು ಲೊರೇನ್.

"ಈಗ ದೇವರು. ಹೋಗೇ, ಕತ್ತೆ," ಎಂದಳು ಶೆರಿಲ್. ಅವಳ ದನಿ ಮೊದಲ ಸಲ ಇಂಪಾಗಿ ಕೇಳಿತು.

ಆರು ಗಂಟೆಗೆ ಊರಿನ ಸೈರನ್ ಕೂಗಿತು. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಮಿಠಾಯಿ ಬೇಡಲು ಹೊರಟರು. ಪುಟ್ಟ ಕಡಲ್ಗಳ್ಳರು, ಎಲುಬಿನ ಗೂಡುಗಳು, ಚಿಟ್ಟೆಗಳು. ಅವರ ನಡುವೆ ಲೊರೇನ್ ತನ್ನನ್ನೇ ತಾನು ಎತ್ತಿಕೊಂಡು ಎರಡು ಬೀದಿ ನಡೆದಳು. ಗೊಂಬೆಯಿಂದ ಎಲೆಗಳು ದಾರಿಯುದ್ದಕ್ಕೂ ಉದುರಿದವು. ಜನ ನೋಡಿ ನಕ್ಕರು. ಹೆದರಿಕೆ ಇದ್ದದ್ದು ಒಂದಕ್ಕೇ: ಅವನು ಬಾಗಿಲು ಹಾಕಿಕೊಂಡುಬಿಟ್ಟರೆ?

ವೆಂಡೆಲ್ ತನ್ನ ಜಗಲಿಯಲ್ಲಿ ಚಾಕಲೇಟಿನ ಬುಟ್ಟಿ ಹಿಡಿದು ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ತೇಪೆಯಂಗಿಯ ಗೊಂಬೆ. ಅವಳನ್ನು ಕಂಡು ಅವನು ಎದ್ದು ನಿಂತ.

ಲೊರೇನ್ ಹೆಣ್ಣುಗೊಂಬೆಯನ್ನು ಗಂಡಿನ ತೊಡೆಯ ಮೇಲೇ ಕೂರಿಸಿದಳು.

"ಎಳೆದು ಹಾಕಿದ್ದು ನಾನೇ," ಎಂದಳು. "ಹೊಟ್ಟೆಕಿಚ್ಚಿಗೆ."

"ಶೆರಿಲ್ ಮೇಲಾ?"

"ಶೆರಿಲ್ ಅಂದ್ಕೊಂಡಿದ್ದೆ. ಕೊನೆಗೆ ನೋಡಿದ್ರೆ, ಇವಳ ಮೇಲೆ. ನೀನು ಇವಳ ಹೆಗಲ ಮೇಲೆ ಕೈ ಹಾಕ್ದೆ, ಹೂ ಕೊಟ್ಟೆ, ಮಂಡಿ ಊರಿದೆ. ನನಗೆ ಒಂದು ಮಾತೂ ಹೇಳಲಿಲ್ಲ."

"ನಿನಗೆ ಹೇಳೋಕೆ ಧೈರ್ಯ ಇದ್ದಿದ್ರೆ ಎಲೆ ಯಾಕೆ ತುಂಬ್ತಿದ್ದೆ, ಮಾರಾಯ್ತಿ? ಹೋಗ್ಲಿ, ನಾಳೆ ಬೆಳಿಗ್ಗೆ ಮತ್ತೆ ಎಳೆದು ಹಾಕ್ತೀಯಾ?"

"ಯಾರಾದ್ರೂ ಮುಟ್ಟಲಿ, ನೋಡ್ಕೋತೀನಿ."

ಅವನ ಮುಖ ಆಗ ಬಿಚ್ಚಿಕೊಂಡಿತು. ಅವಳು ಬಿಸ್ಕತ್ತು ತಂದಿಲ್ಲದ್ದನ್ನು ನೋಡಿ, ಹಳೆಯ ತುಂಟತನದಲ್ಲಿ ಕೇಳಿದ:

"ಇವತ್ತು ಯಾರ ಬೆರಳು?"

ಲೊರೇನ್ ಏಪ್ರನ್ನಿನ ಜೇಬಿನಿಂದ ಎಡಗೈ ತೆಗೆದು, ಸುಟ್ಟ ಕಲೆಯ ಹೆಬ್ಬೆರಳನ್ನು ಅವನ ಅಂಗೈಯಲ್ಲಿಟ್ಟಳು.

"ನಂದು," ಎಂದಳು.

ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮೆಟ್ಟಿಲ ಕೆಳಗೆ ಮಕ್ಕಳು ಚೀಲ ಚಾಚಿ ಕಾಯುತ್ತಿದ್ದರು. ಅವತ್ತು ಆ ಮನೆಯಲ್ಲಿ ಅವರವರ ಚಾಕಲೇಟನ್ನು ಅವರವರೇ ಬುಟ್ಟಿಯಿಂದ ತೆಗೆದುಕೊಳ್ಳಬೇಕಾಯಿತು.