ಹತ್ತು ಡಿಗ್ರಿಯ ಸುಳ್ಳು

"ಹದಿನೇಳನೇ ನಂಬರ್ ಅಳೆದಿದ್ದು ಯಾರು?"

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ನಿಂತವನ ದನಿ ಕೇಳಿದ್ದೇ ಅವಳು ಯಂತ್ರದಿಂದ ತಲೆ ಎತ್ತಿದಳು. ಆರು ತಿಂಗಳಿಂದ ಫೋನಿನಲ್ಲಿ ಕೇಳುತ್ತಿದ್ದ ದನಿ!

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವನು 'ಪೈಪ್ ಮೇಷ್ಟ್ರು'. ಮೊದಲು ಕಾಲೇಜಿನಲ್ಲಿ ನೀರಿನ ಪೈಪುಗಳ ಲೆಕ್ಕ ಹೇಳಿಕೊಡುತ್ತಿದ್ದವನು ಈಗ ರಕ್ತನಾಳಗಳ ಲೆಕ್ಕಕ್ಕೆ ಇಳಿದಿದ್ದ. ಕಾಲಿಗೆ ಬೈಪಾಸ್ ಆದವರಲ್ಲಿ ರಕ್ತ ಎಷ್ಟು ವೇಗವಾಗಿ ಹರಿಯುತ್ತಿದೆ ಎಂದು ಅವಳು ಅಳೆದು ಕಳಿಸುವುದು, ಜೋಡಿಸಿದ ನಾಳದ ಗೋಡೆ ಎಲ್ಲಿ ದಪ್ಪವಾದೀತು ಎಂದು ಅವನು ಹೇಳುವುದು. ಎರಡು ನಿಮಿಷದ ಆ ಮಾತು ಈಚೆಗೆ ಇಪ್ಪತ್ತು ನಿಮಿಷಕ್ಕೆ ಬೆಳೆದಿತ್ತು.

ಇವತ್ತು ಮೊದಲ ಸಲ ಬರುತ್ತಾನೆಂದು ಅವಳು ಎರಡೆರಡು ಸಲ ಜಡೆ ಬಿಚ್ಚಿ ಹೆಣೆದುಕೊಂಡಿದ್ದಳು. ಬಂದವನು ಕೂರಲೂ ಇಲ್ಲ, ನಗಲೂ ಇಲ್ಲ!

"ನಾನೇ ಅಳೆದಿದ್ದು. ಏನೀಗ?"

"ವೇಗ ನಲವತ್ತೆಂಟು ಅಂತಿದೆ. ಸುಳ್ಳು." ಅವನು ಸ್ಕ್ಯಾನ್ ಚಿತ್ರವನ್ನು ಮೇಜಿನ ಮೇಲಿಟ್ಟ. "ಈ ಗೆರೆ ನಾಳದ ಗೋಡೆಗೆ ಸರಿಯಾಗಿ ಕೂರ್ಬೇಕು. ಹತ್ತು ಡಿಗ್ರಿ ಓರೆ ಇಟ್ಟಿದೀರಿ. ಹಾಗಿಟ್ರೆ ನಿಧಾನ ಹರಿಯೋ ರಕ್ತಾನೂ ಜೋರಾಗಿ ಹರಿಯೋ ಹಾಗೆ ಕಾಣುತ್ತೆ. ಮಿಕ್ಕ ಯಾರದ್ರಲ್ಲೂ ನಿಮ್ಮದು ಒಂದು ತಪ್ಪಿಲ್ಲ. ಇದ್ರಲ್ಲಿ ಮಾತ್ರ... ಅಳೆದೋರಿಗೆ ಏನು ಕಾಣ್ಬೇಕಿತ್ತೋ ಅದೇ ಕಂಡಿದೆ."

ಅವಳು ಚಿತ್ರವನ್ನು ತನ್ನತ್ತ ಎಳೆದುಕೊಂಡಳು. ಹದಿನೇಳು ಅವಳ ಅಪ್ಪ. ಇವನ ಪಟ್ಟಿಯಲ್ಲಿ ಬರೀ ನಂಬರುಗಳು, ಹೆಸರಿಲ್ಲ.

"ಬೇಕಂತ ಮಾಡಿದೆ ಅಂತೀರಾ?"

"ಹಾಗಲ್ಲ, ಆದ್ರೆ..."

"ನಿಮಗೆ ಪೈಪ್ ಗೊತ್ತು ಮೇಷ್ಟ್ರೇ, ಮನುಷ್ಯರು ಗೊತ್ತಿಲ್ಲ. ಹೊರಡಿ!"

ಅವನು ಚಿತ್ರವನ್ನು ಅಲ್ಲೇ ಬಿಟ್ಟು ಹೋದ.

ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಅಪ್ಪನನ್ನು ಅಳೆದ ದಿನ ನೆನಪಾಯಿತು. ಮೊದಲು ಬಂದದ್ದು ಮೂವತ್ಮೂರು. ನಲವತ್ತಕ್ಕಿಂತ ಕೆಳಗಿಳಿದರೆ ಅಪಾಯವೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೆರೆ ಸರಿಯಾಗಿ ಕೂತಿಲ್ಲವೇನೋ ಅಂದುಕೊಂಡು ಚೂರು ತಿರುಗಿಸಿದಳು. ನಲವತ್ತೆಂಟು ಬಂದಾಗ ಉಸಿರು ಬಿಟ್ಟು, ಹಾಗೇ ಉಳಿಸಿಬಿಟ್ಟಳು.

'ನಾನು ಸುಳ್ಳು ಹೇಳಿದೆನಾ? ಇಲ್ಲ... ನಂಬಿದ್ದೆ. ನಂಬಬೇಕಿತ್ತು ನನಗೆ!'

ಮೂರು ದಿನ ಅವನ ಫೋನಿಲ್ಲ. ಅವಳೂ ಮಾಡಲಿಲ್ಲ. ಮೂರನೆಯ ದಿನ ದೊಡ್ಡ ಡಾಕ್ಟರು ಕರೆಸಿದಾಗ ಅವಳ ಮೈ ಉರಿದುಹೋಯಿತು. ಚಾಡಿ ಹೇಳಿಯೇ ಬಿಟ್ಟನಲ್ಲ!

ಡಾಕ್ಟರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಮೇಷ್ಟ್ರು ನನ್ನ ತಲೆ ತಿಂತಿದಾರಮ್ಮ. 'ನನ್ನ ಲೆಕ್ಕವೇ ತಪ್ಪಿರಬಹುದು, ಆದ್ರೂ ಹದಿನೇಳನ್ನ ಈ ವಾರವೇ ಮತ್ತೆ ನೋಡಿ' ಅಂತ. ಅದು ನಿಮ್ಮಪ್ಪ ಅಲ್ವಾ?"

ಅವಳ ತಪ್ಪಿನ ಸುದ್ದಿಯನ್ನೇ ಅವನು ಎತ್ತಿರಲಿಲ್ಲ. "ಹೌದು ಡಾಕ್ಟ್ರೇ. ನಾಳೆ ಬೆಳಿಗ್ಗೇನೇ ಮತ್ತೆ ಅಳೀತೀನಿ" ಎಂದಳು.

ಮನೆಯಲ್ಲಿ ಅಪ್ಪ ಬಟ್ಟೆಗೆ ಕತ್ತರಿ ಹಾಕುತ್ತಿದ್ದರು. ನಲವತ್ತು ವರ್ಷದಿಂದ ದರ್ಜಿ, ಯಾವತ್ತೂ ಕೂತು ಕತ್ತರಿಸಿದವರಲ್ಲ. ಇವತ್ತು ಕೂತಿದ್ದರು.

"ಅಪ್ಪಾ, ನಡೆದ್ರೆ ನೋವಾಗುತ್ತಾ?"

"ಬೀದಿ ಕೊನೆವರೆಗೆ ಹೋದ್ರೆ ಮೀನಖಂಡ ಸ್ವಲ್ಪ ಹಿಡ್ಕೊಳ್ಳುತ್ತೆ. ನೀನೇ ಚೆನ್ನಾಗಿದೆ ಅಂದ್ಯಲ್ಲ ಮಗಳೇ, ಅದಕ್ಕೇ ಹೇಳ್ಲಿಲ್ಲ."

ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಮರುದಿನ ಬೆಳಿಗ್ಗೆ ಅಪ್ಪನನ್ನು ಮತ್ತೆ ಅಳೆಯುವಾಗ ಗೆರೆಯನ್ನು ಸರಿಯಾಗಿ ಕೂರಿಸಿದಳು. ಮೂವತ್ಮೂರು. ಜೋಡಣೆಯ ಕೆಳಗೆ ಗೋಡೆ ಒಳಮುಖವಾಗಿ ದಪ್ಪಗಾಗಿತ್ತು. ಅವತ್ತೇ ಡಾಕ್ಟರು ನಾಳವನ್ನು ಅಗಲಿಸಿದರು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಮುಚ್ಚಿಯೇ ಹೋಗುತ್ತಿತ್ತಂತೆ.

ಮಾರನೆಯ ದಿನ ಹದಿನೇಳನ್ನು ನೋಡಲು ವಾರ್ಡಿಗೆ ಬಂದವನು, ಮಂಚದ ಪಕ್ಕ ಅವಳನ್ನು ಕಂಡು ಗರಬಡಿದವನಂತೆ ನಿಂತ.

"ನಿಮ್ಮಪ್ಪನಾ...? ಎಂಥ ಮಾತಂದುಬಿಟ್ಟೆ ನಾನು!"

"ಅದಿರ್ಲಿ ಮೇಷ್ಟ್ರೇ," ಅಪ್ಪ ತಲೆ ಎತ್ತಿದರು. "ಈ ನಾಳದ ಗೋಡೆ ದಪ್ಪ ಯಾಕಾಯ್ತು? ಇವಳು ಹೇಳಿದ್ದು ನನ್ನ ತಲೆಗೆ ಹೋಗ್ಲಿಲ್ಲ."

"ರಕ್ತ ಜೋರಾಗಿ ಗೋಡೆ ಸವರ್ಕೊಂಡು ಹೋಗ್ತಿದ್ರೆ ಗೋಡೆ ತೆಳ್ಳಗಿರುತ್ತೆ, ಯಜಮಾನ್ರೇ. ಹರಿವು ಕುಗ್ಗಿ ಸುಳಿ ಸುತ್ತೋ ಕಡೆ ದಪ್ಪ ಆಗ್ತಾ ಬರುತ್ತೆ."

"ಜೋರಾದ್ರೆ ಕೆಡುತ್ತೆ ಅಂದ್ಕೊಂಡಿದ್ದೆ, ಇದು ಉಲ್ಟಾ!" ಅಪ್ಪ ಇಬ್ಬರ ಮುಖವನ್ನೂ ನೋಡಿದರು. "ಸರಿ, ನಂಗೆ ನಿದ್ದೆ ಬಂತು. ಇಬ್ರೂ ಆಚೆ ಹೋಗಿ."

ನಿದ್ದೆಯಂತೆ, ಗಂಟೆ ಇನ್ನೂ ಹನ್ನೆರಡೂ ಆಗಿರಲಿಲ್ಲ!

ಹೊರಗೆ ಕಿಟಕಿಯ ಬಳಿ ಅವಳೇ ಮೊದಲು ಬಾಯಿಬಿಟ್ಟಳು. "ಮೊದಲು ಮೂವತ್ಮೂರೇ ಬಂದಿತ್ತು. ಭಯ ಆಯ್ತು, ಗೆರೆ ತಿರುಗಿಸ್ದೆ. ನೀವಂದಿದ್ದು ನಿಜ... ಅದಕ್ಕೇ ಅಷ್ಟು ಕೋಪ ಬಂತು."

"ದಿನಾ ನಿಮ್ಮ ನಂಬರ್ ಒತ್ತಿ ಒತ್ತಿ ಅಳಿಸ್ದೆ. ಇನ್ನೂ ನೋವಾಗುತ್ತೇನೋ ಅಂತ ಸುಮ್ಮನಾದೆ."

"ಹರಿವು ಕುಗ್ಗಿದ್ರೆ ಏನಾಗುತ್ತೆ ಅಂತ ಊರಿಗೆಲ್ಲ ಹೇಳೋರು ನೀವು, ನೀವೇ ಮಾತು ನಿಲ್ಲಿಸ್ಬಿಟ್ರಲ್ಲ!" ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

ಅವನು ನಗಲಿಲ್ಲ. "ಇನ್ಮೇಲೆ ಭಯ ಆದ್ರೆ ಒಬ್ಬಳೇ ಇಟ್ಕೋಬೇಡ. ನಂಗೆ ಹೇಳು."

ಬೇಡ... ಹೇಳು... ಆರು ತಿಂಗಳ 'ನೀವು' ಎಲ್ಲಿ ಹೋಯಿತು?

"ಈಗಲೇ ಭಯ ಆಗ್ತಿದೆ."

"ಯಾಕೆ?"

"ಇಷ್ಟು ಖುಷಿ ನಂಗೆ ಅಭ್ಯಾಸ ಇಲ್ಲ."

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ನಂಗೂ ಇಲ್ಲ. ಇಬ್ರೂ ಕಲಿಯೋಣ, ಬಾ."