ಎಂಜಿನ್ ನಿಲ್ಲಿಸಿದ ಕೆಂಪು ದಾರ

"ನನ್ನ ಗಂಡ ಸುಳ್ಳು ಹೇಳ್ತಿದ್ದಾರೆ. ಅದನ್ನ ನೀವು ಸಾಬೀತು ಮಾಡಿಕೊಡ್ಬೇಕು," ಎಂದರು ಆಕೆ, ಕೂರುವ ಮೊದಲೇ.

ನಾನು ದರ್ಜಿ. ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಮೇಷ್ಟ್ರು ಇದ್ದರು. ನಿವೃತ್ತರಾಗಿ ಹತ್ತು ವರ್ಷವಾದರೂ ತಪ್ಪು ಹುಡುಕುವ ಚಟ ಬಿಟ್ಟಿರಲಿಲ್ಲ. ನಮ್ಮ ಬೀದಿಗೆ ಅವರೇ ಪತ್ತೇದಾರ. ಬಂದಾಕೆ ದೋಣಿ ಚಾಲಕನ ಹೆಂಡತಿ. ಮೂರು ದಿನದ ಹಿಂದೆ ಸಂಜೆ ಅವರ ಮೋಟಾರ್ ದೋಣಿ ಒಬ್ಬ ಮುದುಕರ ಮೀನಿನ ದೋಣಿಗೆ ಗುದ್ದಿ, ಮುದುಕರ ಕೈ ಮುರಿದಿತ್ತು. ಚಾಲಕನ ರಕ್ತಪರೀಕ್ಷೆಯಲ್ಲಿ ಕುಡಿದದ್ದು ಗೊತ್ತಾಗಿತ್ತು. "ನಾನೇ ಓಡಿಸಿದ್ದು" ಎಂದು ಅವನೇ ಬರೆದುಕೊಟ್ಟಿದ್ದ. ಕುಡಿದು ದೋಣಿ ಓಡಿಸಿ ಪೆಟ್ಟು ಮಾಡಿದರೆ ಎರಡು ವರ್ಷ ಜೈಲು, ಲೈಸೆನ್ಸ್ ಜನ್ಮಕ್ಕೆ ರದ್ದು.

"ಕುಡಿದ ದಿನ ಅವರು ಚುಕ್ಕಾಣಿ ಮುಟ್ಟೋದೇ ಇಲ್ಲ ಅಣ್ಣಾ," ಎಂದು ಆಕೆ ನನ್ನ ಕಡೆ ತಿರುಗಿದರು. "ದೋಣೀಲಿ ಮೆಕ್ಯಾನಿಕ್ ಇದ್ದ. ಅವನದೇ ಕೆಲಸ ಇರ್ಬೇಕು. ದೋಣಿ ಓಡಿಸೋದು ಕಲೀತಿರೋ ಮಗಳೂ ಇದ್ದಳು, ಕೇಳಿದ್ರೆ ತುಟಿ ಪಿಟಕ್ಕನ್ನಲ್ಲ. ಮೂರು ದಿನದಿಂದ ಸರಿಯಾಗಿ ಊಟಾನೂ ಮಾಡಿಲ್ಲ."

ನಾವು ದೋಣಿಕಟ್ಟೆಗೆ ಹೋದೆವು. ಕಾವಲುಗಾರ ಕಂಡದ್ದನ್ನು ಹೇಳಿದ: "ಧಡ್ ಅಂತ ಸದ್ದು ಬಂತು. ಆ ಕ್ಷಣಕ್ಕೇ ಎಂಜಿನ್ ನಿಂತೋಯ್ತು. ಓಡಿ ಬಂದು ನೋಡಿದ್ರೆ ಮಗಳು ನೀರಿಗೆ ಹಾರಿ ಅಜ್ಜನ್ನ ಎತ್ತಿ ಹಿಡಿದಿದ್ಲು. ಅಪ್ಪ ಚುಕ್ಕಾಣಿ ಮುಂದೆ ಕೂತಿದ್ದ."

ಪೊಲೀಸರು ದೋಣಿಯನ್ನು ಇದ್ದ ಹಾಗೆಯೇ ಇಟ್ಟಿದ್ದರು. ಎಂಜಿನ್ನಿನ ಕೀಲಿ ಇನ್ನೂ ಚಾಲೂ ಕಡೆಗೇ ತಿರುಗಿತ್ತು. ಪಕ್ಕದಲ್ಲಿ ಒಂದು ಕೆಂಪು ದಾರ ಕಿತ್ತು ಬಿದ್ದಿತ್ತು. ಇದೇನು ಎಂದು ಮೇಷ್ಟ್ರು ಕೇಳಿದಾಗ ಅಲ್ಲೇ ನಿಂತಿದ್ದ ಮೆಕ್ಯಾನಿಕ್ ನಕ್ಕ.

"ಸೊಂಟಕ್ಕೆ ಸಿಕ್ಕಿಸ್ಕೊಳ್ಳೋ ದಾರ ಸಾರ್. ಓಡಿಸೋರು ಸೀಟಿಂದ ಬಿದ್ರೆ ಅದು ಕಿತ್ಕೊಂಡು ಎಂಜಿನ್ ನಿಲ್ಲುತ್ತೆ. ನಮ್ಮಂಥೋರು ಯಾರು ಕಟ್ಕೋತಾರೆ? ಅದೆಲ್ಲ ಕಲಿಯೋ ಮಕ್ಕಳಿಗೆ. ನಮ್ಮ ದೋಣಿ ಅಣ್ಣನಿಗೆ ಇದನ್ನ ಕಟ್ಕೊಳ್ಳಲ್ಲ ಅಂತಾನೇ ಎರಡು ಸಲ ನೋಟಿಸ್ ಬಂದಿದೆ."

ಮೇಷ್ಟ್ರ ಮುಖ ಸಪ್ಪಗಾಯಿತು. ಅವರಿಗೂ ಬಗೆಹರಿಯಲಿಲ್ಲ ಎಂದು ತಿಳಿದ ದಡ್ಡ ನಾನು.

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರ್ ಕೋಣೆಯಲ್ಲಿ ಎಲ್ಲರೂ ಸೇರಿದರು.

"ಎಂಜಿನ್ ಹೇಗೆ ನಿಂತಿತು?" ಮೇಷ್ಟ್ರು ಚಾಲಕನನ್ನು ಕೇಳಿದರು.

"ನಾನೇ ಆಫ್ ಮಾಡ್ದೆ."

"ಕೀಲಿ ತಿರುಗೇ ಇಲ್ಲ. ಗುದ್ದಿದ ಏಟಿಗೆ ಓಡಿಸುವವರು ಎಗರಿ ಬಿದ್ದು ದಾರ ಕಿತ್ತುಬಂತು. ಅಂದರೆ ಅವರು ದಾರ ಸಿಕ್ಕಿಸಿಕೊಂಡಿದ್ದರು. ನೋಟಿಸ್ ಬಂದರೂ ನೀನು ಸಿಕ್ಕಿಸಿಕೊಳ್ಳುವವನಲ್ಲ. ಮೆಕ್ಯಾನಿಕ್ ಅದನ್ನು ಕಂಡರೆ ನಗುತ್ತಾನೆ. ಆ ದೋಣಿಯಲ್ಲಿ ಪಾಠ ಹೇಳಿಕೊಟ್ಟ ಹಾಗೇ ನಡೆಯುವವರು ಒಬ್ಬರೇ ಇದ್ದರು. ನಿನ್ನ ಮಗಳು, ಮೊನ್ನೆ ಮೊನ್ನೆ ಕಲಿಯುವ ಲೈಸೆನ್ಸ್ ಪಡೆದವಳು. ನೀನು ಅವಳ ಜಾಗಕ್ಕೆ ಬಂದು ಕೂತೆ."

ತಾಯಿ ಎದ್ದು ನಿಂತರು. "ಗಂಡನ್ನ ಉಳಿಸಿ ಅಂತ ಬಂದ್ರೆ ಮಗಳನ್ನ ಹಿಡಿದುಕೊಟ್ರಲ್ಲ, ಮೇಷ್ಟ್ರೇ!"

ನನಗೂ ಮೇಷ್ಟ್ರ ಮೇಲೆ ಕೋಪ ಬಂತು.

ಇನ್‌ಸ್ಪೆಕ್ಟರ್ ಚಾಲಕನನ್ನೇ ನೋಡುತ್ತಿದ್ದರು. "ಕಾನೂನು ಕೇಳದೆ ತಪ್ಪು ಹೊತ್ಕೊಂಡ್ರಲ್ರೀ. ಅವಳು ಕುಡಿದಿರ್ಲಿಲ್ಲ. ಮುದುಕರ ದೋಣೀಲಿ ದೀಪಾನೂ ಇರ್ಲಿಲ್ಲ. ಅವಳಿಗೆ ದಂಡ, ಒಂದು ವರ್ಷ ಲೈಸೆನ್ಸ್ ಪರೀಕ್ಷೆಗೆ ಕೂರೋ ಹಾಗಿಲ್ಲ, ಅಷ್ಟೇ. ಕಲಿಯೋರ ಪಕ್ಕ ಇರೋರು ಕುಡಿದಿರಬಾರದು. ಅದು ನಿಮ್ಮ ತಪ್ಪು. ಆರು ತಿಂಗಳು ನಿಮ್ಮ ಲೈಸೆನ್ಸ್ ಇಲ್ಲಿರುತ್ತೆ. ಸುಳ್ಳು ಬರೆದುಕೊಟ್ಟಿದ್ದಕ್ಕೆ ಬೇರೆ ಕೇಸು."

"ಅವಳು ಜೈಲಿಗೆ ಹೋಗ್ತಾಳೆ ಅಂದ್ಕೊಂಡೆ ಸಾರ್," ಎಂದ ಚಾಲಕ, ಬಿಕ್ಕುತ್ತಾ. "ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡೆ."

ಮಗಳು ಕಾಗದ ಕೇಳಿ ಪಡೆದು, ನಿಂತುಕೊಂಡೇ ನಡೆದದ್ದನ್ನೆಲ್ಲ ಬರೆದಳು. ಸಹಿ ಹಾಕಿ ಕೊಟ್ಟ ಮೇಲೆ ತಲೆಯೆತ್ತಿದಳು.

"ಈಗಲಾದ್ರೂ ನಾನು ಆಸ್ಪತ್ರೆಗೆ ಹೋಗಿ ಆ ಅಜ್ಜನ್ನ ನೋಡ್ಬಹುದಾ?"