ಸಂದರ್ಭಕ್ಕೆ ಹೊಂದುವ ಪದ

"ಮೇಷ್ಟ್ರೇ, ಈ ಪ್ರಶ್ನೆಗೆ ಎರಡು ಉತ್ತರ ಬರ್ತವೆ."

ಕರಡಿನ ಹಾಳೆ ಹಿಡಿದು ಅವಳು ಅವನ ಮೇಜಿನ ಮುಂದೆ ನಿಂತಿದ್ದಳು. ಶಾಲೆಯ ಪುಸ್ತಕಗಳನ್ನು ಅಚ್ಚು ಹಾಕಿಸುವ ಆ ಆಫೀಸಿನಲ್ಲಿ ಅಭ್ಯಾಸದ ಪ್ರಶ್ನೆ ಬರೆಯುವವನು ಅವನು, ತಪ್ಪು ಹುಡುಕುವವಳು ಅವಳು. ಹಿಂದೆ ಪಾಠ ಹೇಳುತ್ತಿದ್ದನೆಂದು ಅವನು ಎಲ್ಲರಿಗೂ ಮೇಷ್ಟ್ರು.

'ಎಲ್ಲರೂ ಹೋದ ಮೇಲೆ ಅವಳಿಗೆ ಮನೆಯಲ್ಲಿ ______ ಸಿಕ್ಕಿತು.' ಒಂಟಿತನವೋ, ಏಕಾಂತವೋ?

"ಒಂಟಿತನ. ಅಷ್ಟೂ ಗೊತ್ತಾಗಲ್ವಾ?"

"ಎಲ್ಲರೂ ಹೋಗಿದ್ದೇ ಅವಳಿಗೆ ಖುಷಿಯಾಗಿದ್ರೆ?"

ಅವನು ತಲೆಯೆತ್ತಿದ. ಗಂಡನಿಂದ ಬೇರೆಯಾಗಿ ಆರು ವರ್ಷ ಒಬ್ಬಳೇ ಬದುಕಿದವಳ ಕಣ್ಣಂಚಿನಲ್ಲಿ ತುಂಟ ನಗು.

"ಸರಿ, ಏಕಾಂತಕ್ಕೆ ಬೇರೆ ವಾಕ್ಯ ಬರೀತೀನಿ. ಅದರಲ್ಲಿ ಇಬ್ರು ಇರ್ತಾರೆ."

ಅವಳ ಕಿವಿ ಬಿಸಿಯಾಯಿತು. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ತನ್ನ ಕುರ್ಚಿಗೆ ಮರಳಿದಳು.

ಆಮೇಲೆ ವರ್ಷವಿಡೀ ಅದೇ ಆಟ. ಅವಳಿಗೆಂದೇ ಬರೆದ ವಾಕ್ಯಗಳು ಪ್ರಶ್ನೆಗಳ ನಡುವೆ ನುಸುಳಿ ಬರುತ್ತಿದ್ದವು. ಅವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಹಿಂದಿರುಗಿಸುತ್ತಿದ್ದಳು. ಒಮ್ಮೆ ಅವಳ ಬೆರಳನ್ನು ಮೆಲ್ಲಗೆ ಹಿಡಿದು, "ಅಮ್ಮನ ಹತ್ರ ಮಾತಾಡ್ತೀನಿ" ಅಂದಿದ್ದ.

ಒಂದು ಮಧ್ಯಾಹ್ನ ಅವನ ಅಮ್ಮನೇ ಆಫೀಸಿಗೆ ಬಂದರು.

"ಇವರು ಯಾರಪ್ಪ?"

ಅವಳು ಎದ್ದು ನಿಂತಳು. ಅವನು ಅವಳನ್ನು ನೋಡಿದ, ಅಮ್ಮನನ್ನು ನೋಡಿದ, ಗಂಟಲು ಸರಿಮಾಡಿಕೊಂಡ.

"ನನಗೆ ಅಕ್ಕ ಇದ್ದ ಹಾಗೆ, ಅಮ್ಮ."

ಅವನಿಗಿಂತ ಅವಳು ನಾಲ್ಕು ವರ್ಷ ದೊಡ್ಡವಳು. ಅಮ್ಮನಿಗೆ ಅನುಮಾನವೇ ಬರಲಿಲ್ಲ. "ಹಾಗಾದ್ರೆ ನೀನೇ ಇವನಿಗೊಂದು ಹುಡುಗಿ ನೋಡಮ್ಮ" ಎಂದು ಅವಳ ಕೈ ಹಿಡಿದುಕೊಂಡರು.

ಅವರು ಹೋದ ಮೇಲೆ ಅವನು ಓಡಿಬಂದ. "ಗಾಬರಿಯಲ್ಲಿ ಬಾಯಿಗೆ ಬಂದುಬಿಡ್ತು."

"ಗಾಬರಿ ಅಲ್ಲ ಮೇಷ್ಟ್ರೇ. ನಾನು ನಿಮ್ಮ ಮುಖಾನೇ ನೋಡ್ತಿದ್ದೆ. ಯೋಚನೆ ಮಾಡಿ, ಆರಿಸಿ ಹೇಳಿದ್ರಿ."

ಅವನು ತಲೆ ತಗ್ಗಿಸಿ ತನ್ನ ಮೇಜಿಗೆ ಮರಳಿದ.

ತಿಂಗಳೊಳಗೆ ಅವಳು ಬೇರೆ ಕಡೆ ಕೆಲಸ ಹುಡುಕಿಕೊಂಡಳು. ಕೊನೆಯ ದಿನ ಸಂಜೆ, ಅರ್ಧ ಮೆಟ್ಟಿಲಿಳಿದಿದ್ದಾಗ ಹಿಂದಿನಿಂದ ದನಿ ಬಂತು.

"ಹೋಗ್ಬೇಡ ಕಣೇ. ನೀನಿಲ್ದೆ ನನಗೆ ಆಗಲ್ಲ."

ಇಷ್ಟು ದಿನ 'ನೀವು' ದಾಟದ ಬಾಯಿ ಅದು. ಅವಳ ಕಾಲು ನಿಂತಿತು. ಬೇಡ ಬೇಡವೆಂದರೂ ಕಣ್ಣು ತುಂಬಿತು. ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಯೂಬಿಟ್ಟಳು. ಅವನು ಕೈ ಚಾಚಿದ.

ಅಷ್ಟರಲ್ಲಿ ಕೆಳಗಿನಿಂದ ಮ್ಯಾನೇಜರ್ ಹತ್ತಿ ಬಂದರು. ಚಾಚಿದ ಕೈ ಜೇಬು ಸೇರಿತು.

"ಹೋಗಿ ಬನ್ನಿ ಮೇಡಂ. ಒಳ್ಳೇದಾಗ್ಲಿ."

ಅವಳು ಅವನನ್ನೇ ದಿಟ್ಟಿಸಿದಳು. ಹೊರಡುವಾಗ ಯಾರಿಗಾದರೂ ಹೇಳುವಂತೆ 'ಬರ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ಹೋಗ್ತೀನಿ" ಅಂದಳು.